ಖಾಲಿ ಪಾತ್ರೆಯ ಸುಳ್ಳು

ಸುಮಿತ್ರಾ, ಅವತ್ತು ನಿನ್ನ ಅಡುಗೆಯನ್ನು ಶಾಲೆಯ ಮಕ್ಕಳು ಬಡಿದಾಡಿ ಉಂಡಿದ್ದರು. ಯಾರೂ ಮುಟ್ಟಲಿಲ್ಲ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಎಂಟು ವರ್ಷ — ಗೋಡೆಯಾಚೆಗೇ ನಿನ್ನ ಮನೆ, ಆದರೂ ಈ ಮಾತು ನನ್ನ ಬಾಯಿಂದ ಹೊರಬಂದಿಲ್ಲ.

ಹುಮನಾಬಾದಿನ ಆ ಪುಟ್ಟ ಶಾಲೆಯಲ್ಲಿ ಮನೆಗೊಂದು ಅಡುಗೆ ತಂದು ಮಕ್ಕಳೆಲ್ಲ ಕೂಡಿ ಉಣ್ಣುವ ದಿನವದು. ಸಿಹಿತಿಂಡಿ ಬೇಡ, ಹೊಟ್ಟೆ ತುಂಬುವಂಥದ್ದಿರಲಿ, ಖಾರ ಮಾತ್ರ ಬೇಡ ಎಂದಿದ್ದರು. ಖಾರವಿಲ್ಲದ ಅಡುಗೆ ನಮಗೆಲ್ಲಿ ಬರುತ್ತದೆ? ಚಿತ್ರಾನ್ನಕ್ಕೆ ನಾಲ್ಕು ಮೆಣಸಿನಕಾಯಿ ಕಡಿಮೆ ಹಾಕಿ, ದೊಡ್ಡ ತ್ಯಾಗ ಮಾಡಿದವಳಂತೆ ಬೀಗಿದೆ ನಾನು. ನೀನು ತೊಗರಿಬೇಳೆಯನ್ನು ಮೆತ್ತಗೆ ಬೇಯಿಸಿ, ಲಟ್ಟಿಸಿದ ಗೋಧಿ ಹಿಟ್ಟಿನಿಂದ ಸೀಸೆಯ ಮುಚ್ಚಳದಲ್ಲಿ ಪುಟ್ಟ ಪುಟ್ಟ ಬಿಲ್ಲೆ ಕತ್ತರಿಸಿ ಆ ಬೇಳೆಯಲ್ಲೇ ಕುದಿಸಿದ್ದೆ. ಚೂರು ಬೆಲ್ಲ, ಮೇಲೊಂದಿಷ್ಟು ತುಪ್ಪ. ಒಯ್ಯಲು ದೊಡ್ಡ ಪಾತ್ರೆ ಇಲ್ಲವೆಂದೆ ನೀನು. ನಾನು ನನ್ನದನ್ನು ಕೊಟ್ಟೆ — ಬಸವಕಲ್ಯಾಣದ ತವರಿನವರು ಮದುವೆಗೆ ನನ್ನ ಹೆಸರು ಕೊರೆಸಿ ಕೊಟ್ಟದ್ದು. ಅಷ್ಟರಲ್ಲಿ ನಿನ್ನ ಮಗಳಿಗೆ ಜ್ವರ. ನೀವಿಬ್ಬರೂ ಮನೆಯಲ್ಲೇ ಉಳಿದಿರಿ, ಎರಡೂ ಅಡುಗೆಯನ್ನು ನಾನೇ ಒಯ್ದೆ.

ನನ್ನ ಚಿತ್ರಾನ್ನ ಹಾಗೇ ಕೂತಿತ್ತು. ನಿನ್ನ ಬೇಳೆಯ ಪಾತ್ರೆಯ ತಳವನ್ನು ಮಕ್ಕಳು ಕೆರೆಯುತ್ತಿದ್ದರು. ದೊಡ್ಡ ಟೀಚರ್ ಖಾಲಿ ಪಾತ್ರೆ ಎತ್ತಿ ಹೆಸರು ಓದಿದರು.

“ಇಂದಿರಾಬಾಯಿ ಯಾರ್ರಿ?”

“ನಾನ್ರಿ.”

ಹೆಸರು ನನ್ನದೇ ತಾನೆ — ಅಷ್ಟರಮಟ್ಟಿಗೆ ಅದು ನಿಜ. ಆದರೆ ಶಾಲೆಗೆ ಅಡುಗೆಯವರು ಬೇಕು, ಸೋಮವಾರದಿಂದ ಬರುತ್ತೀರಾ ಎಂದು ಕೇಳಿದಾಗಲೂ ನಾನು ನಿನ್ನ ಹೆಸರು ಎತ್ತಲಿಲ್ಲ.

ಸಂಜೆ ನೀನು ಬಾಗಿಲಲ್ಲೇ ಕಾದಿದ್ದೆ. “ಹುಡುಗರು ಉಂಡರೇನ್ರಿ ಅಕ್ಕಾ?”

“ಇಲ್ಲವ್ವ. ಸಪ್ಪಗದ ಅಂತ ಯಾರೂ ಮುಟ್ಟಲಿಲ್ಲ. ಚೆಲ್ಲಿ ಬಂದೆ.”

ನಿನ್ನ ಮುಖ ಸಣ್ಣಗಾಯಿತು. ನಾನು ಅಲ್ಲಿಗೂ ಬಿಡಲಿಲ್ಲ — ಎಲ್ಲಿ ತಪ್ಪಿತೋ ನೋಡೋಣ, ಹೇಗೆ ಮಾಡಿದೆ ಹೇಳು ಎಂದೆ. ನಿನ್ನ ತಪ್ಪನ್ನು ನೀನೇ ಹುಡುಕುತ್ತ, ಬೇಳೆ ತೊಳೆಯುವುದರಿಂದ ಹಿಡಿದು ಎಲ್ಲ ಹೇಳಿಕೊಟ್ಟೆ. ಸೋಮವಾರ ನಾನು ಅದನ್ನೇ ಮಾಡಿದೆ. ನಿನ್ನ ಮಗಳೂ ಉಂಡು ಮನೆಗೆ ಬಂದು ಹೊಗಳಿದಳಂತೆ. “ನಾ ಹೇಳಿದ್ದ ಪದ್ಧತಿನೇ, ನಿಮ್ಮ ಕೈಯಾಗ ರುಚಿ ಬಂತು ನೋಡ್ರಿ,” ಎಂದು ನಕ್ಕೆ ನೀನು. ಸಂಶಯವೇ ಪಡಲಿಲ್ಲ. ಆಮೇಲೆ ನೀನು ಒಂದು ದಿನವೂ ಅದನ್ನು ಮಾಡಲಿಲ್ಲ. ನಾನು ಶಾಲೆಯ ಅಡುಗೆಮನೆಯಲ್ಲಿ ನೆರಳಿಗೆ ಕೂತೆ. ನೀನು ಬೇಮಳಖೇಡದ ಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಲೇ ಇದ್ದೀಯೆ.

ನನ್ನ ಮನೆಯ ತೊಂದರೆಗಳನ್ನು ಇಲ್ಲಿ ನೆಪವಾಗಿ ಹೇಳಿಕೊಳ್ಳಬಹುದು. ತೊಂದರೆ ನಿನಗೂ ಇತ್ತು.

ನಿನ್ನೆ ಬಂದೆಯಲ್ಲ — ಈಗ ನಿನ್ನ ಸಣ್ಣ ಮಗಳ ತರಗತಿಯಲ್ಲಿ ಕೂಡಿ ಉಣ್ಣುವ ದಿನವಂತೆ.

“ಅಕ್ಕಾ, ನನ್ನ ಕೈ ಅಡಗಿ ಹುಡುಗರಿಗೆ ಸೇರಂಗಿಲ್ಲ, ನಿಮಗ ಗೊತ್ತದಲ್ಲ. ನೀವ ಏನರ ಮಾಡಿ ಕೊಡ್ರಿ. ಸಣ್ಣಾಕಿ ನಾಲ್ಕು ಮಂದ್ಯಾಗ ನಾಚಬಾರದು.”

ಹೇಳಿಬಿಡಬೇಕೆಂದು ಬಾಯಿ ತೆರೆದೆ, ಸುಮಿತ್ರಾ. ನಿಜವಾಗಿ ತೆರೆದೆ. ಆದರೆ ಎಂಟು ವರ್ಷ ನೀನು ನಂಬಿದ್ದನ್ನು ಹೊಸ್ತಿಲ ಮೇಲೆ ನಿಂತು ಹೇಗೆ —

“ಆಗಲವ್ವ, ಮಾಡಿ ಕೊಡ್ತೀನಿ,” ಅಂದೆ.

ನೀನು ನನ್ನ ಎರಡೂ ಕೈ ಹಿಡಿದುಕೊಂಡು, “ಪುಣ್ಯಾ ಬರ್ತದ್ರಿ ನಿಮಗ,” ಎಂದು ಹೇಳಿ ಹೋದೆ.