ಬಸ್ಸಿನ ಬೆನ್ನು ಹತ್ತಿದ ಬೆಳಕು

ಇನ್ನೂ ನಸುಗತ್ತಲು. ಡಿಪೋದ ಅಂಗಳದಲ್ಲಿ ಖಾಲಿ ಬಸ್ಸೊಂದು ಗುರುಗುಡುತ್ತ ನಿಂತಿದೆ. ಶಾಲು ಹೊದ್ದ ಹೆಂಗಸೊಬ್ಬರು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯ ಗಾಜು ಒರೆಸಹೊರಟವರು ಕೈ ತಡೆಯುತ್ತಾರೆ.

"ಅವತ್ತೂ ಗಾಜು ಹೀಗೇ ಕೊಳಕಾಗಿತ್ತೇನಪ್ಪಾ?"

"ಇನ್ನೂ ಜಾಸ್ತಿ ಅಕ್ಕಾ," ಎನ್ನುತ್ತಾನೆ ಡ್ರೈವರ್.

"ಹಾಗಾದ್ರೆ ಇರ್ಲಿ ಬಿಡು."

ಇವರು ಹವಾಮಾನ ಕಚೇರಿಯವರು. ಆಕಾಶದಲ್ಲಿ ಹಾರುವ ತಟ್ಟೆ ಕಂಡಿತೆಂದು ಯಾರೇ ದೂರು ಕೊಡಲಿ, ವಿಚಾರಿಸಲು ಹೋಗುವುದು ಇವರೇ. ಹಾಗಾಗಿ ಕಚೇರಿಯಲ್ಲಿ ಇವರು 'ತಟ್ಟೆ ಅಕ್ಕ'. ಮನೆಯಲ್ಲಿ ಅತ್ತೆಯ ಮಾತೇ ಬೇರೆ: "ನಮ್ಮ ಸೊಸೆಗೆ ಮೋಡದ ಆಚೆಗಿರೋದು ಕಾಣುತ್ತೆ, ಅಡುಗೆಮನೆ ಸೂರು ಸೋರೋದು ಕಾಣಲ್ಲ." ಅದಕ್ಕೆ ಎಲ್ಲರಿಗಿಂತ ಜೋರಾಗಿ ನಗುವವರು ಅಕ್ಕನೇ.

ಬಂದ ದೂರುಗಳಲ್ಲಿ ಹೆಚ್ಚಿನವು ಗ್ರಹ, ಉಲ್ಕೆ, ಇಲ್ಲವೇ ಬೆಟ್ಟದ ನೆತ್ತಿಯಲ್ಲಿ ತಟ್ಟೆಯಂತೆ ನಿಂತುಬಿಡುವ ಮೋಡ. ಆದರೆ ಅಕ್ಕ ಅದನ್ನು ಮೊದಲೇ ಬಾಯಿಬಿಟ್ಟು ಹೇಳುವುದಿಲ್ಲ. ಕಂಡವರನ್ನು ಕಂಡ ಜಾಗಕ್ಕೇ, ಕಂಡ ಹೊತ್ತಿಗೇ ಕರೆದೊಯ್ದು ಮತ್ತೆ ಕಾಣಿಸುತ್ತಾರೆ. "ಬಾಯಲ್ಲಿ ಹೇಳಿದ್ರೆ ಅವ್ರಿಗೆ ಅವಮಾನ. ಅವ್ರೇ ಕಂಡುಕೊಂಡ್ರೆ ಖುಷಿ."

ಈ ಡ್ರೈವರನ ಪಾಡು ತುಸು ಕಷ್ಟದ್ದು. ಮೊನ್ನೆ ನಸುಕಿನ ಮೊದಲ ಟ್ರಿಪ್ಪಿನಲ್ಲಿ ದೊಡ್ಡ ಬೆಳಕೊಂದು ಬಸ್ಸಿನ ಪಕ್ಕದಲ್ಲೇ ಓಡಿಬಂತಂತೆ. ಬೆದರಿ ಬ್ರೇಕ್ ಹಾಕಿದರೆ ಅದೂ ನಿಂತಿತಂತೆ. ತೂಕಡಿಸುತ್ತಿದ್ದ ಪ್ರಯಾಣಿಕರ ತಲೆಗಳು ಮುಂದಿನ ಸೀಟಿಗೆ ಬಡಿದವು. ಡಿಪೋ ಮ್ಯಾನೇಜರು ಬಾಯಿ ಮೂಸಿ ನೋಡಿದರು, ವಾಸನೆ ಇರಲಿಲ್ಲ. "ಏಲಕ್ಕಿ ಜಗಿದಿರ್ತಾನೆ" ಎಂದು ಸ್ಟೀರಿಂಗ್ ಬಿಡಿಸಿ ಬಸ್ಸು ತೊಳೆಯಲು ಹಾಕಿದರು. ಇಂದು ಸ್ಟೀರಿಂಗ್ ಸಿಕ್ಕಿರುವುದು ಅಕ್ಕನ ಹಟಕ್ಕೆ, ಇದೊಂದು ಓಟದ ಮಟ್ಟಿಗೆ. ಕಾವಲಿಗೆಂಬಂತೆ ಮ್ಯಾನೇಜರೂ ಹತ್ತಿದ್ದಾರೆ, ಜೊತೆಗೆ ಕಂಡಕ್ಟರು, ಅಕ್ಕನ ಕೆಲಸದ ಬಗ್ಗೆ ಬರೆಯಲು ಬಂದಿರುವ ನಾನು.

ಬಸ್ಸು ಊರು ದಾಟಿ ಸಾಲುಮರಗಳ ರಸ್ತೆಗೆ ಬೀಳುತ್ತದೆ. ಮೂಡಣದಲ್ಲಿ ತೆಳುಮೋಡ. ಡ್ರೈವರ್ ತುಟಿ ಕಚ್ಚಿಕೊಂಡಿದ್ದಾನೆ. ಇವತ್ತು ಏನೂ ಕಾಣದಿದ್ದರೆ ಅವನು ಕುಡುಕನೆಂದೇ ಲೆಕ್ಕ. ಅಕ್ಕ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಮ್ಯಾನೇಜರ ಕೈಗೆ ಕೊಡುತ್ತಾರೆ. ತಾವು ಮಾತ್ರ ಕಿಟಕಿಯಿಂದ ಕಣ್ಣು ತೆಗೆಯುವುದಿಲ್ಲ.

ತಿರುವಿನಾಚೆ ಮೋಡ ಬಿರಿಯುತ್ತದೆ.

"ಅಯ್ಯೋ!" ಎನ್ನುವುದು ಡ್ರೈವರ್ ಅಲ್ಲ, ಮ್ಯಾನೇಜರು. ಚಹಾ ಪ್ಯಾಂಟಿನ ಮೇಲೆ ಚೆಲ್ಲಿದೆ. "ನಮ್ಮ ಜೊತೆಗೇ ಬರ್ತಾ ಇದೆಯಲ್ರೀ! ನಿಲ್ಸಯ್ಯಾ, ನಿಲ್ಸು!"

ಬಸ್ಸು ನಿಲ್ಲುತ್ತದೆ. ಬೆಳಕೂ ನಿಲ್ಲುತ್ತದೆ.

"ಸಾರ್, ಬಾಯಿ ತೆಗೀರಿ, ಮೂಸ್ತೀನಿ" ಎನ್ನುತ್ತಾನೆ ಕಂಡಕ್ಟರ್. ಮ್ಯಾನೇಜರ ಕೋಪ ನಗೆಯಲ್ಲಿ ಮುಗಿಯುತ್ತದೆ.

ಎಲ್ಲರೂ ಕೆಳಗಿಳಿಯುತ್ತಾರೆ. "ಅದು ಬೆಳ್ಳಿ. ಶುಕ್ರಗ್ರಹ," ಎನ್ನುತ್ತಾರೆ ಅಕ್ಕ. "ಹತ್ತಿರದ ಮರ ಹಿಂದಕ್ಕೆ ಓಡುತ್ತೆ, ಅಷ್ಟು ದೂರದ್ದು ಜೊತೆಗೇ ಬಂದ ಹಾಗಿರುತ್ತೆ. ಚಿಕ್ಕೋರಿದ್ದಾಗ ಚಂದಮಾಮ ಬರ್ತಿರ್ಲಿಲ್ವಾ, ಹಾಗೆ. ಮೋಡ, ಕೊಳಕು ಗಾಜು ಸೇರಿ ಬೆಳಕನ್ನ ಇನ್ನಷ್ಟು ಹಿಗ್ಗಿಸಿವೆ."

ಡ್ರೈವರನ ಮುಖ ಸಣ್ಣಗಾಗುತ್ತದೆ. "ಇಷ್ಟೇನಾ ಅಕ್ಕಾ? ಇಷ್ಟಕ್ಕೇ ಹೆದರಿದ್ನಾ?"

"ಇಷ್ಟೇ ಅಂತೀಯಲ್ಲೋ! ನೀನು ಕಂಡದ್ದು ನಿಜ ಕಣಪ್ಪಾ. ಅದಕ್ಕೆ ನಿಮ್ಮ ಸಾಹೇಬ್ರ ಪ್ಯಾಂಟೇ ಸಾಕ್ಷಿ."

ಮ್ಯಾನೇಜರು ಗಂಟಲು ಸರಿಪಡಿಸಿಕೊಂಡು, "ನಾಳೆಯಿಂದ ಮೊದಲ ಟ್ರಿಪ್ಪು ನಿಂದೇ. ಹೊರಡೋಕೆ ಮೊದ್ಲು ಗಾಜು ಒರೆಸ್ಕೋ" ಎನ್ನುತ್ತಾರೆ. ಡ್ರೈವರ್ ಅಲ್ಲೇ, ಅಂಗಿಯ ತುದಿಯಿಂದಲೇ ಒರೆಸತೊಡಗುತ್ತಾನೆ.

ವಾಪಸು ಬರುವಾಗ ಅಕ್ಕನನ್ನು ಕೇಳುತ್ತೇನೆ: ಈ ಕೆಲಸದಲ್ಲಿ ಏನಾದರೂ ಆಸೆ ಉಳಿದಿದೆಯೇ? ಅವರು ಖಾಲಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಗುತ್ತಾರೆ.

"ದೊಡ್ಡದೇನಿಲ್ಲ. ಇನ್ಮೇಲೆ ಯಾರಾದ್ರೂ ಏನಾದ್ರೂ ಕಂಡೆ ಅಂದ್ರೆ, ಅವ್ರ ಬಾಯಿ ಮೂಸೋಕೆ ಮೊದ್ಲು ಒಂದ್ಸಲ ತಲೆ ಎತ್ತಿ ಆಕಾಶ ನೋಡ್ಲಿ. ಅಷ್ಟಾದ್ರೆ ಸಾಕು."