ಸೂಜಿ ಕೆಂಪಿಗೆ ಹೋದ ದಿನ

ಮೊನ್ನೆ ಹತ್ತಿಗೆ ಸ್ಪಿರಿಟ್ ಹಚ್ಚಿ ಹಳೆಯ ಟೇಪ್ ರೆಕಾರ್ಡರಿನ ಹೆಡ್ ಒರೆಸುತ್ತಿದ್ದೆ. ಅವ್ವನ ಹಾಡುಗಳನ್ನು ಫೋನಿಗೆ ಹಾಕಿಸಬೇಕಿತ್ತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕ್ಯಾಸೆಟ್ ಅಂಗಡಿಯ ಕಾಕಾ ಎದುರಿಗೆ ಬಂದು ಕುಳಿತಂತಾಯಿತು...

ಎಂಬತ್ತರ ದಶಕದ ಮಾತು. ಬೆಟಗೇರಿಯಲ್ಲಿ ಸೀರೆ ನೇಯುತ್ತಿದ್ದೆ. ಶಾಲೆ ನಾಲ್ಕನೇ ಇಯತ್ತೆಗೆ ಮುಗಿದಿತ್ತು. ಕೆಲಸದಲ್ಲಿ ಮಾತ್ರ ಯಾರಿಗೂ ಸೋತವನಲ್ಲ. ಅವ್ವನ ಗಂಟಲಲ್ಲಿ ಗಡ್ಡೆಯಾಗಿತ್ತು. ಆಪರೇಷನ್ ಆದಮೇಲೆ ದನಿ ಉಳಿಯುವ ಭರವಸೆ ಇಲ್ಲವೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಓಣಿಯ ಮದುವೆಗಳಿಗೆಲ್ಲ ಸೋಬಾನ ಹಾಡಿದ ದನಿ. ಕ್ಯಾಸೆಟ್ಟಿನಲ್ಲಿ ಹಿಡಿದಿಡಲೇಬೇಕೆಂದು ಹಟ ತೊಟ್ಟು ಕಾಕಾನನ್ನು ಕೇಳಿದೆ.

"ಅಮಾಸಿ ದಿನಾ ಬರ್ತೀನಿ. ಅವತ್ತ ಓಣ್ಯಾಗ ಮಗ್ಗ ನಿಂತಿರ್ತಾವು," ಎಂದಿದ್ದ ಕಾಕಾ, ಹೇಳಿದಂತೆ ಗದಗಿನಿಂದ ಮಷಿನ್ ಹೊತ್ತು ತಂದರು. ಮರುದಿನವೇ ಅವ್ವ ಆಸ್ಪತ್ರೆಗೆ ಸೇರಬೇಕಿತ್ತು.

ಅವಳು ಹಾಡತೊಡಗಿದಳು. ದನಿ ಸಣ್ಣದೆನಿಸಿ ನಾನೇ ಗುಂಡಿ ತಿರುವಿ ಏರಿಸಿದೆ. ಮಷಿನ್ನಿನ ಮೀಟರಿನಲ್ಲಿ ಸೂಜಿ ಕೆಂಪು ಗೆರೆ ದಾಟಿದ್ದನ್ನು ಕಾಕಾ ತೋರಿಸಿದರು.

"ತಮ್ಮಾ, ಸೂಜಿ ಕೆಂಪಿಗೆ ಹೋಗಬಾರದು. ಇಳಸು."

"ಜೋರ್ ಇದ್ರನ ಚೊಲೋ ಕೇಳತೈತ್ರಿ. ಮಗ್ಗದ ಸಪ್ಪಳದಾಗ ಬೆಳದಾವ್ರು ನಾವು, ನಮಗ ಕಲಸಬ್ಯಾಡ್ರಿ."

ಕಾಕಾ ಟೇಪು ಹಾಗೇ ಓಡಲು ಬಿಟ್ಟರು. ಐದು ಹಾಡು ಮುಗಿದವು. ಹಚ್ಚಿ ಕೇಳಿದರೆ, ದನಿ ಏರಿದಲ್ಲೆಲ್ಲ ಕರಕರ ಒಡೆದಿತ್ತು. ಅವ್ವ ನಕ್ಕಳು: "ನಾ ಹಿಂಗ ಹಾಡ್ತೀನೇನೋ? ಹರದ ಡೊಳ್ಳ ಬಡದಂಗ ಐತಿ!"

ನನಗೆ ನಗು ಬರಲಿಲ್ಲ. ಕಾಕಾ ಸ್ಪಿರಿಟ್ಟಿನಿಂದ ಹೆಡ್ ಒರೆಸಿದರು, ಮೈಕನ್ನು ಒಂದು ಗೇಣು ಹಿಂದೆ ಸರಿಸಿದರು, ಗುಂಡಿ ಇಳಿಸಿದರು. "ಇನ್ನೊಂದ ಹಾಡ್ರಿ ಅವ್ವಾರ." ಅವಳಲ್ಲಿ ಒಂದೇ ಹಾಡಿನಷ್ಟು ಶಕ್ತಿ ಉಳಿದಿತ್ತು. ಅದು ಮಾತ್ರ, ಬಳೆಯ ಸಪ್ಪಳ, ಸಾಲು ಸಾಲಿನ ನಡುವಿನ ಉಸಿರು ಸಮೇತ, ಹಾಗೇ ಉಳಿಯಿತು.

ಅವ್ವನ ದನಿ ಮರಳಲಿಲ್ಲ. ಆಮೇಲೆ ಎಂಟು ವರ್ಷ ಕೈಸನ್ನೆಯಲ್ಲೇ ಬಾಳಿದಳು... ಕಾಕಾ ಆ ಗುಂಡಿಯ ಮಾತನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ನಾನೂ ತಪ್ಪೊಪ್ಪಿಕೊಳ್ಳಲಿಲ್ಲ.

ಮೊನ್ನೆ ಕಂಪ್ಯೂಟರ್ ಅಂಗಡಿಯವನು, "ಸಣ್ಣ ಫೈಲ್ ಮಾಡ್ತೀನ್ರಿ ಅಜ್ಜಾರ, ಜಾಗಾ ಉಳಿತೈತಿ. ಯಾರಿಗೂ ಗೊತ್ತಾಗಂಗಿಲ್ಲ," ಎಂದ. ಸಣ್ಣದು, ದೊಡ್ಡದು ಎರಡೂ ಮಾಡಿ ಕೇಳಿಸೆಂದೆ. ಸಣ್ಣದರಲ್ಲಿ ಬಳೆ ಮಸುಕಾಗಿತ್ತು, ಉಸಿರು ನೀರೊಳಗಿನಿಂದ ಬಂದಂತಿತ್ತು.

"ನನಗ ಗೊತ್ತಾಗತೈತಿ. ದೊಡ್ಡದ ಮಾಡು."

ಒಡೆದ ಐದು ಹಾಡುಗಳನ್ನೂ ದೊಡ್ಡದಾಗಿಯೇ ಹಾಕಿಸಿದೆ. ಅವನು ಏನೇನೋ ಒತ್ತಿ ನೋಡಿದ. ಅವು ಒಡೆದೇ ಇದ್ದವು.

ಬರುವಾಗ ಕಾಕಾನ ಅಂಗಡಿ ಇದ್ದಲ್ಲಿ ನಿಂತೆ. ಈಗ ಔಷಧಿ ಅಂಗಡಿ. ಅವರು ಹೋಗಿ ಎಷ್ಟೋ ವರ್ಷ... ದನಿ ಇಳಿಸಿ ಹೇಳಿದೆ:

"ತಪ್ಪಾತ್ರಿ ಕಾಕಾ."