ಪುರಿಂಗ್ ತಂಪಾಗಿಟ್ಟ ಯಂತ್ರ

ಮಾಸ್ಬಾತೆ ದ್ವೀಪದ ನಮ್ಮ ದಂಡೆಯಲ್ಲಿ ಗಂಡಸಿನ ಮರ್ಯಾದೆ ಅವನು ಹಿಡಿದು ತರುವ ಮೀನಿನಲ್ಲಿ, ಹೆಂಗಸಿನ ಮರ್ಯಾದೆ ಅವಳು ಕಾಯುವ ಕಂಪ್ರೆಸರಿನಲ್ಲಿ. ಪಂಕ್ಚರ್ ಅಂಗಡಿಯವರು ಟೈರಿಗೆ ಗಾಳಿ ತುಂಬುತ್ತಾರಲ್ಲ, ಅದೇ ಯಂತ್ರ. ಅದನ್ನು ದೋಣಿಗೆ ಬಿಗಿದು, ಓಡಿಸಲು ಪಕ್ಕದಲ್ಲೊಂದು ಪೆಟ್ರೋಲ್ ಇಂಜಿನ್ ಕೂರಿಸಿ, ಉದ್ದನೆಯ ಪ್ಲಾಸ್ಟಿಕ್ ಕೊಳವೆಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಗಂಡಸರು ಕಡಲಿನ ತಳಕ್ಕೆ ಇಳಿಯುತ್ತಾರೆ. ಸರ್ಕಾರ ಇಳಿಯಬೇಡಿ ಅನ್ನುತ್ತದೆ, ಹೊಟ್ಟೆ ಇಳಿ ಅನ್ನುತ್ತದೆ. ನಡೆಯುವುದು ಹೊಟ್ಟೆಯ ಮಾತೇ.

ಮೇಲೆ ಯಂತ್ರದ ಪಕ್ಕ ಕೂರುವವಳು ಹೆಂಡತಿ. ಬೇಸಿಗೆಯಲ್ಲಿ ಅದು ಕೂರುವ ಕೆಲಸವಲ್ಲ. ಏಪ್ರಿಲ್ ಬಿಸಿಲಿಗೆ ಯಂತ್ರ ಕಾದು, ಎಣ್ಣೆ ಸುಟ್ಟು, ಗಕ್ಕನೆ ನಿಂತುಬಿಡುತ್ತದೆ. ಕೆಳಗಿದ್ದವನು ಯಂತ್ರದ ಗಾಳಿ ತೊಟ್ಟಿಯಲ್ಲಿ ಉಳಿದದ್ದನ್ನೇ ನಂಬಿಕೊಂಡು ಮೇಲೆ ಬರಬೇಕು. ಬಂದವನು ಬೈಯುತ್ತಾನೆ, ಆಮೇಲೆ ದಂಡೆಯೆಲ್ಲ ಆಡಿಕೊಳ್ಳುತ್ತದೆ. ಊರ ಬಾಯಿಗೆ ಬೀಗ ಹಾಕಿದವರುಂಟೇ?

ಪುರಿಂಗಳ ಯಂತ್ರ ಮಾತ್ರ ಒಮ್ಮೆಯೂ ನಿಂತದ್ದಿಲ್ಲ. ಬೆಳಗಾಗೆದ್ದು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಯಂತ್ರದ ಬಿಸಿ ಆರಿಸುವ ಲೋಹದ ರೆಕ್ಕೆಗಳ ಸಂದಿಯಲ್ಲಿ ಕಟ್ಟಿದ ಉಪ್ಪನ್ನು ತೆಗೆಯುವಳು. ತೊಟ್ಟಿಗೆ ಒದ್ದೆ ಗೋಣಿ ಹೊದಿಸುವಳು, ಆದರೆ ಯಂತ್ರದ ಕಾದ ತಲೆಯ ಮೇಲೆ ಒಂದು ಹನಿ ನೀರು ಬೀಳಗೊಡುತ್ತಿರಲಿಲ್ಲ, ಬಿದ್ದರೆ ಅದು ಸೀಳುಬಿಡುತ್ತದೆ. ತೆಂಗಿನ ಗರಿಯ ನೆರಳನ್ನು ಎತ್ತರಕ್ಕೆ ಕಟ್ಟಿ ಬಿಸಿ ಹೋಗಲು ದಾರಿ ಬಿಡುವಳು. ಉಳಿದ ಹೆಂಗಸರು ಬಿಸಿಲು ತಾಗದಿರಲಿ ಎಂದು ಯಂತ್ರಕ್ಕೆ ಟಾರ್ಪಾಲು ಸುತ್ತುತ್ತಿದ್ದರು. ಜ್ವರ ಬಂದ ಮಗುವಿಗೆ ಕಂಬಳಿ ಹೊದಿಸುತ್ತೀರಲ್ಲೇ ಎಂದು ಪುರಿಂಗ್ ನಗುತ್ತಿದ್ದಳು. ಅವಳ ನಾಲಿಗೆಯೂ ಕಡಿಮೆಯದಲ್ಲ.

ಗಂಡ ಮಿಯೊಂಗನಿಗೆ ಇದು ದೊಡ್ಡ ಹೆಮ್ಮೆ. ತೆಂಗಿನ ಕಳ್ಳು ಒಳಗಿಳಿದರೆ ಸಾಕು, ನನ್ನ ಹೆಂಡತಿ ಮೇಲಿರುವ ತನಕ ನನ್ನ ಉಸಿರಿಗೆ ಭಯವಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುವನು.

ಈಸ್ಟರಿಗೆ ಮುಂಚಿನ ಪವಿತ್ರ ವಾರ ಹತ್ತಿರ ಬಂದಿತ್ತು. ಜನ ಮಾಂಸ ಬಿಟ್ಟು ಮೀನು ಕೇಳುವ ಕಾಲ. ಹಿಂದಿನ ದಿನವಷ್ಟೇ ಮೈದುನ ದೊರೊಯ್‌ನ ಹೆಂಡತಿಯ ಯಂತ್ರ ನಿಂತು, ಪುರಿಂಗ್ ಅವಳನ್ನು ಎಲ್ಲರೆದುರು ಆಡಿಕೊಂಡಿದ್ದಳು. ಈ ದಿನ ಅವರ ದೋಣಿ ಕೂಗಳತೆಯಲ್ಲೇ ಇತ್ತು. ಮಧ್ಯಾಹ್ನವಾಯಿತು. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಪುರಿಂಗಳ ಯಂತ್ರದಿಂದ ಎಣ್ಣೆ ಸೀದ ವಾಸನೆ ಬಂತು.

ಆಗ ಕೊಳವೆಯನ್ನು ಜಗ್ಗಿ ಗಂಡನಿಗೆ ಸೂಚನೆ ಕೊಟ್ಟು ಇಂಜಿನ್ ಆರಿಸಬೇಕಿತ್ತು. ಅವಳಿಗೆ ಗೊತ್ತಿತ್ತು. ಆದರೆ ನಿನ್ನೆ ನಕ್ಕ ಬಾಯಿ ಇವತ್ತು ನಗಿಸಿಕೊಳ್ಳುವುದು ಹೇಗೆ? ಅಷ್ಟರಲ್ಲಿ ಹಿಂದುಗಡೆಯಿಂದ ಸಣ್ಣಗೆ ಗಾಳಿ ಎದ್ದಿತು. ಲಂಗರಿನ ಹಗ್ಗವನ್ನು ದೋಣಿಯ ಹಿಂಬದಿಗೆ ಬಿಗಿದು, ದೋಣಿ ತಿರುಗದಂತೆ ನಿಲ್ಲಿಸಿ, ಆ ಗಾಳಿಯನ್ನು ಪೂರ್ತಿ ಯಂತ್ರಕ್ಕೆ ಸಿಗುವಂತೆ ಮಾಡಿದಳು. ಗೋಣಿಗೆ ಮೇಲಿಂದ ಮೇಲೆ ನೀರು ಹಾಕಿದಳು. ಯಂತ್ರ ತಣಿಯಿತು. ಗೆದ್ದೆ ಅಂದುಕೊಂಡಳು, ಪಾಪ, ಸಣ್ಣಗೆ ಹಾಡಿಕೊಂಡಳು ಕೂಡ.

ಯಾವಾಗಲೂ ದೋಣಿ ಮುಖವನ್ನು ಗಾಳಿಗೆ ಕೊಟ್ಟು ನಿಲ್ಲುತ್ತದೆ, ಇಂಜಿನ್ನಿನ ಹೊಗೆ ಹಿಂದಕ್ಕೆ ಹೋಗುತ್ತದೆ. ಅವತ್ತು ಗಾಳಿ ಹಿಂದಿನಿಂದ ಬಂದು ಆ ಹೊಗೆಯನ್ನು ಹೊತ್ತುಕೊಂಡೇ ಯಂತ್ರವನ್ನು ತಾಗಿತು. ಯಂತ್ರ ಅದನ್ನೇ ಎಳೆದುಕೊಂಡು ಕೊಳವೆಯಲ್ಲಿ ಕೆಳಗೆ ಕಳಿಸಿತು. ಎಲ್ಲೂ ತಡವರಿಸಲಿಲ್ಲ, ಒಂದೇ ಸಮ ಓಡಿತು.

ಬಹಳ ಹೊತ್ತಾದರೂ ಕೆಳಗಿನಿಂದ ಜಗ್ಗು ಬರದಿದ್ದಾಗ ಅವಳೇ ಜಗ್ಗಿದಳು. ಉತ್ತರವಿಲ್ಲ. ಅವಳ ಕೂಗು ಕೇಳಿ ದೊರೊಯ್ ಹಾರಿದ, ಅಣ್ಣನನ್ನು ತೋಳಲ್ಲಿ ಹಿಡಿದು ಮೇಲೆ ತಂದ. ಮಿಯೊಂಗನ ಕೆನ್ನೆ ಕೆಂಪಗಿತ್ತು, ತುಟಿ ಕೆಂಪಗಿತ್ತು, ಕಳ್ಳು ಕುಡಿದು ಮಲಗಿದವನ ಹಾಗೆ. ಸತ್ತವರ ಮುಖ ಬಿಳಿಚಿಕೊಂಡಿರುತ್ತದೆ ಎಂದಷ್ಟೇ ಅವಳಿಗೆ ಗೊತ್ತು. "ಏಳು, ನಾಟಕ ಸಾಕು," ಎಂದು ಕೆನ್ನೆಗೆ ತಟ್ಟಿದಳು. ದಂಡೆ ಮುಟ್ಟುವ ತನಕ ತಟ್ಟುತ್ತಲೇ ಇದ್ದಳು.

ಹೆಣ ಮನೆಯಲ್ಲಿತ್ತು. ಜನ ಬಂದರು, ಕಾಫಿ ಕುಡಿದರು, ಹೆಣ ಕಾಯುವ ರಾತ್ರಿಯ ವಾಡಿಕೆಯಂತೆ ಇಸ್ಪೀಟು ಹಾಕಿದರು, ಪುರಿಂಗಳನ್ನು ಹೊಗಳಿದರು. ಯಂತ್ರ ನಿಲ್ಲಲಿಲ್ಲವಂತೆ, ಕೊನೆಯ ತನಕ ಗಂಡನಿಗೆ ಉಸಿರು ಕೊಟ್ಟಳಂತೆ, ಹೆಂಡತಿಯೆಂದರೆ ಹೀಗಿರಬೇಕು. ಆರೋಗ್ಯ ಕೇಂದ್ರದ ನರ್ಸ್ ಸೊಕೊರ್ರೊ ಮಾತ್ರ ಶವಪೆಟ್ಟಿಗೆಯ ಗಾಜಿನೊಳಗೆ ಆ ಕೆಂಪು ಮುಖವನ್ನು ಬಹಳ ಹೊತ್ತು ನೋಡಿದಳು. ಹೊಗೆ ಕುಡಿದು ಸತ್ತವರ ಬಣ್ಣ ಅವಳಿಗೆ ಗೊತ್ತಿತ್ತು. ಹೊಗೆ ಯಾವ ಕಡೆ ಬೀಸುತ್ತಿತ್ತು ಎಂದು ಮೆಲ್ಲಗೆ ಕೇಳಿ, ಪುರಿಂಗ್ ಉತ್ತರಿಸುವ ಮೊದಲೇ, ಕೇಳಬಾರದಿತ್ತು ಅನ್ನುವಂತೆ ಎದ್ದು ಹೊರಟಳು.

ಸಾವಿನ ಮನೆಯವರು ಬಂದವರನ್ನು ಬೀಳ್ಕೊಡಲು ಬಾಗಿಲಿಗೆ ಹೋಗಬಾರದು. ಹೋದರೆ ಅದೇ ಮನೆಯಲ್ಲಿ ಇನ್ನೊಂದು ಸಾವು. ನಮ್ಮಲ್ಲಿ ಕುಡುಕನೂ ಇದನ್ನು ಮೀರುವುದಿಲ್ಲ. ಪುರಿಂಗ್ ಎದ್ದು, ಹೊಸಿಲು ದಾಟಿ, ಎಲ್ಲರೂ ನೋಡುತ್ತಿರುವಂತೆ ನರ್ಸಿನ ಹಿಂದೆ ರಸ್ತೆಗೆ ಓಡಿದಳು.

"ಯಂತ್ರ ನಿಂತಿದ್ರೆ ಬದುಕ್ತಿದ್ನಾ?"

ಸೊಕೊರ್ರೊ ನೆಲ ನೋಡಿದಳು. "ಯಾಕೆ ನಾಂಗ್ ಈಗ ಅದೆಲ್ಲ?"

"ನಾಂಗ್ ಅಂತ, ಅಕ್ಕ ಅಂತ ಕರೆದೆಯಲ್ಲ. ಹಾಗಾದ್ರೆ ಸುಳ್ಳು ಹೇಳ್ಬೇಡ."

"ತೊಟ್ಟೀಲಿ ಒಳ್ಳೆ ಗಾಳಿ ಇತ್ತಲ್ಲ," ಅಂದಳು ನರ್ಸ್. "ಮೊದಲೇ ನಿಂತಿದ್ರೆ ಬೈಕೊಂಡು ಮೇಲೆ ಬರ್ತಿದ್ದ."

ಪುರಿಂಗ್ ಒಳಗೆ ಬಂದಳು. ಎಲ್ಲರೂ ನೋಡಿದ್ದು ದೊರೊಯ್‌ನನ್ನು. ಆ ಮನೆತನದಲ್ಲಿ ಉಳಿದ ಗಂಡಸು ಅವನೊಬ್ಬನೇ. ತಾನೇನು ಮಾಡಿದೆ ಎಂದು ಅವಳಿಗೆ ಆಗ ಹೊಳೆಯಿತು. ಎದೆಯಲ್ಲಿದ್ದ ಒಂದು ಕಲ್ಲಿನ ಪಕ್ಕ ಇನ್ನೊಂದು ಬಂದು ಕೂತಿತು.

ನಲವತ್ತನೇ ದಿನದ ಪ್ರಾರ್ಥನೆ ಮುಗಿದ ಮೇಲೆ ದೊರೊಯ್ ಬಂದ. ಹೆಂಡತಿ ಬಸುರಿ, ದೋಣಿ ಹತ್ತುವಂತಿಲ್ಲ, ನೀವು ಬರಬೇಕು ಅಂದ. ನಿಮ್ಮ ಕೈಯಲ್ಲಿ ಯಂತ್ರ ಸತ್ತದ್ದೇ ಇಲ್ಲವಲ್ಲ ಎಂದೂ ಸೇರಿಸಿದ. ಆಗ ಅವಳು ಎಲ್ಲವನ್ನೂ ಹೇಳಿದಳು: ಹಗ್ಗ ಬಿಗಿದದ್ದು, ಹೊಗೆ, ಅವನ ಹೆಂಡತಿಯೆದುರು ಸೋಲಬಾರದೆಂಬ ಹಟ. ನಿಮ್ಮಣ್ಣನನ್ನು ಕೊಂದದ್ದು ಕಡಲಲ್ಲ, ನಾನು ಅಂದಳು.

ದೊರೊಯ್ ಎದ್ದು ಹೋದ. ಮರುದಿನ ಮತ್ತೆ ಬಂದು ಬಾಗಿಲಲ್ಲೇ ನಿಂತ. ಅವನ ಕಣ್ಣು ಊದಿತ್ತು.

"ಬೇರೆ ಯಾರನ್ನಾದ್ರೂ ಕೂರಿಸಿದ್ರೆ ಅವರಿಗೆ ಇದು ಗೊತ್ತಿರಲ್ಲ," ಅಂದ. "ನೀವೇ ಬನ್ನಿ ನಾಂಗ್."

ಹೋದಳು. ಯಂತ್ರ ಉಸಿರೆಳೆಯುವ ಬಾಯಿಗೆ ಇನ್ನೊಂದು ಕೊಳವೆ ಸೇರಿಸಿ, ಅದನ್ನು ಬಿದಿರಿನ ಗಳುವಿನ ಮೇಲೆ ಹೊಗೆಯಿಂದ ದೂರಕ್ಕೆ ಎತ್ತಿ ಕಟ್ಟಿದಳು. ಮತ್ತದೇ ಬ್ರಷ್ಷು, ಮತ್ತದೇ ಗೋಣಿ. ಮಧ್ಯಾಹ್ನ ತೊಟ್ಟಿ ಕೈಗೆ ಬೆಚ್ಚಗಾಯಿತು, ಸುಡುವಷ್ಟೇನಲ್ಲ. ಆದರೂ ಕೊಳವೆ ಜಗ್ಗಿ ಇಂಜಿನ್ ಆರಿಸಿದಳು. ಅದರ ಸದ್ದು ನಿಂತಿತು. ಸುತ್ತಲಿನ ದೋಣಿಗಳು ಇತ್ತ ತಿರುಗಿದವು, ಯಾರೋ ಕಿಸಕ್ಕನೆ ನಕ್ಕರು. ಅವಳು ನೀರನ್ನೇ ನೋಡುತ್ತ ಕೂತಳು. ಹೊಸಿಲು ದಾಟಿದವಳು ನಾನು, ತಗೊಳ್ಳುವುದಿದ್ದರೆ ನನ್ನನ್ನು ತಗೋ ಎಂದು ದೇವರಿಗೆ ಹೇಳಿಕೊಂಡಳು.

ದೊರೊಯ್ ಮೇಲೆ ಬಂದ. ದೋಣಿಯ ಅಂಚು ಹಿಡಿದು ಕೆಮ್ಮಿದ, ಉಗಿದ, ಆಮೇಲೆ ಶುರುಮಾಡಿದ. ಯಂತ್ರ ಚೆನ್ನಾಗೇ ಓಡುತ್ತಿತ್ತಂತೆ, ಕಲ್ಲಿನ ಸಂದಿಯ ದೊಡ್ಡ ಮೀನು ಕೈಗೆ ಬಂದದ್ದು ಹೋಯಿತಂತೆ, ಹೀಗೆ ಹೆದರಿ ಸಾಯುವವರು ಮನೆಯಲ್ಲೇ ಬೀಳಬೇಕಂತೆ. ಬಾಯಿಗೆ ಬಂದದ್ದೆಲ್ಲ ಬೈದ. ಬೈಯುತ್ತ ಅವಳ ಮುಖ ನೋಡಿ ನಿಲ್ಲಿಸಿದ.

"ಯಾಕೆ ನಿಲ್ಲಿಸ್ದೆ ದೋಂಗ್, ತಮ್ಮಾ?" ಅಂದಳು ಪುರಿಂಗ್. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಇನ್ನೂ ಬೈಯಪ್ಪ. ಅವತ್ತು ನಿಮ್ಮಣ್ಣನ ಬಾಯಲ್ಲಿ ಇದನ್ನೇ ನಾನು ಕೇಳ್ಬೇಕಾಗಿತ್ತು."